40 ಎಂಎಂ ಗುಂಡಿ 52 ಆಯ್ತು, ಆಫ್‌ಸೆಟ್ ಯಾವ ಕಡೆ ಕೊಡಬೇಕು?

ದಾವಣಗೆರೆ ತೇಗ:
ಎಲ್ಲರಿಗೂ ನಮಸ್ಕಾರ. ಮರಗೆಲಸ ಹದಿನೈದು ವರ್ಷದಿಂದ ಮಾಡ್ತಿದ್ದೀನಿ, ಸಿಎನ್‌ಸಿ ರೌಟರ್ (ಕಂಪ್ಯೂಟರ್ ಹೇಳಿದ ಹಾಗೆ ಮರ ಕೊರೆಯೋ ಮೆಷಿನ್) ತಂದು ಮೂರು ತಿಂಗಳು. ಗೃಹಪ್ರವೇಶಕ್ಕೆ ಒಂದು ತೇಗದ ನಾಮಫಲಕ ಒಪ್ಕೊಂಡಿದ್ದೀನಿ. ಹಲಗೆ 300 × 100 ಎಂಎಂ, ಎಡಗಡೆ 40 ಎಂಎಂ ಹಿತ್ತಾಳೆ ಬಿಲ್ಲೆ ಕೂರೋಕೆ 4 ಎಂಎಂ ಆಳದ ಗುಂಡಿ. ಆಟೊಕ್ಯಾಡ್ ಅನ್ನೋ ಡ್ರಾಯಿಂಗ್ ಸಾಫ್ಟ್‌ವೇರ್‌ನಲ್ಲಿ ಅದೇ ಅಳತೆಗೆ ಬರೆದು 6 ಎಂಎಂ ಎಂಡ್ ಮಿಲ್ (ತಿರುಗಿ ಕೊರೆಯೋ ಕಟ್ಟರ್) ಹಾಕಿ ಓಡಿಸಿದೆ. ಹಲಗೆ 294 × 94 ಬಂತು, ಗುಂಡಿ 46. ಕಟ್ಟರ್‌ನ ನಡುಬಿಂದು ಗೆರೆ ಮೇಲೇ ಹೋಗ್ತಿದೆ ಅಂತ ತಿಳೀತು. ಎರಡನೇ ಸಲ ಎಲ್ಲಾ ಗೆರೆಗೂ 3 ಎಂಎಂ ಹೊರಗಡೆ ಆಫ್‌ಸೆಟ್ ಕೊಟ್ಟೆ, ಅಂದರೆ ಗೆರೆನ ಅಷ್ಟು ಆಚೆ ಸರಿಸಿದೆ. ಹಲಗೆ ಅಳತೆಗೆ ಬಂತು, ಗುಂಡಿ 52 ಆಯ್ತು! ಬಿಲ್ಲೆನ ಒಂದು ಪಕ್ಕಕ್ಕೆ ತಳ್ಳಿದರೆ ಇನ್ನೊಂದು ಪಕ್ಕ ಕಿರುಬೆರಳು ಹೋಗುತ್ತೆ. ಡ್ರಾಯಿಂಗ್‌ನಲ್ಲಿ ಹಲಗೆಯ ನಾಲ್ಕೂ ಮೂಲೇಲಿ ಗೆರೆಗಳು ಕೂಡದೆ ಬಿಟ್ಟುಕೊಂಡಿವೆ. ಎರಡು ತೇಗದ ತುಂಡು ಹಾಳಾಯ್ತು, ಮೂರನೇದನ್ನ ಮುಟ್ಟೋಕೆ ಕೈ ನಡುಗುತ್ತೆ. ದಯವಿಟ್ಟು ಹೇಳಿ.

ಪೀಣ್ಯ ಸೆಟ್ಟರ್:
ಅಣ್ಣಾ, ಯಾವ ಮರ ನಿಮಗೆ ಉಳೀಬೇಕು ಅಂತ ಮೊದಲು ನೋಡಿ. ಕಟ್ಟರ್ ಅದರ ಆಚೆ ಕಡೆ ನಿಲ್ಲಬೇಕು. ಹಲಗೆಗೆ ಗೆರೆಯ ಹೊರಗೆ 3, ಗುಂಡಿಗೆ ಗೆರೆಯ ಒಳಗೆ 3. ಅಂದರೆ ಗುಂಡಿಗೆ ಕಟ್ಟರ್‌ನ ನಡುಬಿಂದು ಸುತ್ತೋ ವೃತ್ತ 34. ಮಧ್ಯದ ಮರ ತೆಗೆಯೋಕೆ ಅದರೊಳಗೆ 26, 18, 10, 2 ಹೀಗೆ ವೃತ್ತ ಹಾಕಿ, ಏನೂ ಉಳಿಯಲ್ಲ.

ಮೂಲೆ ವಿಷಯ: ನೀವು ನಾಲ್ಕು ಬಿಡಿ ಗೆರೆಗಳಿಗೆ ಆಫ್‌ಸೆಟ್ ಕೊಟ್ಟಿದ್ದೀರಿ ಅನ್ಸುತ್ತೆ. ಒಂದೊಂದೂ ತನ್ನ ಉದ್ದಕ್ಕಷ್ಟೇ ಆಚೆ ಸರಿಯುತ್ತೆ, ತುದಿಗಳು ಕೂಡಲ್ಲ. ಮೊದಲು ಆಟೊಕ್ಯಾಡ್‌ನ ಪಿಎಡಿಟ್ ಕಮಾಂಡ್‌ನಲ್ಲಿ ಜಾಯಿನ್ ಮಾಡಿ ಒಂದೇ ಪಾಲಿಲೈನ್ (ಕೂಡಿಕೊಂಡ ಒಂದೇ ಗೆರೆ) ಮಾಡ್ಕೊಳ್ಳಿ, ಆಮೇಲೆ ಆಫ್‌ಸೆಟ್.

ಹಾಸನ ವಿಎಂಸಿ:
ಡ್ರಾಯಿಂಗ್ ಯಾಕೆ ಮುಟ್ತೀರಿ ಸರ್? ಪ್ರೋಗ್ರಾಂನಲ್ಲಿ ಜಿ 41 (ಕಟ್ಟರ್‌ನ ಗೆರೆಯ ಎಡಕ್ಕೆ ಸರಿಸೋ ಆದೇಶ) ಹಾಕಿ, ಕಟ್ಟರ್ ಅಳತೆ ಮೆಷಿನ್‌ನ ಆಫ್‌ಸೆಟ್ ಟೇಬಲ್‌ಗೆ ಕೊಡಿ, ಮುಗೀತು.

ಪೀಣ್ಯ ಸೆಟ್ಟರ್:
ವಿಎಂಸಿಗೆ (ಕಾರ್ಖಾನೆಯ ದೊಡ್ಡ ಸಿಎನ್‌ಸಿ ಮೆಷಿನ್) ಅದೇ ಸರಿ. ಸಾಣೆ ಹಿಡಿದು 5.9 ಆದ ಕಟ್ಟರ್‌ಗೂ ಟೇಬಲ್‌ನಲ್ಲಿ ಒಂದು ಅಂಕಿ ತಿದ್ದಿದರೆ ಸಾಕು, ಪ್ರೋಗ್ರಾಂ ಹಾಗೇ ಇರುತ್ತೆ. ಆದರೆ ಇಂಥ ಚಿಕ್ಕ ರೌಟರ್‌ಗಳಲ್ಲಿ ಹೆಚ್ಚಾಗಿ ಜಿಆರ್‌ಬಿಎಲ್ ಅನ್ನೋ ಸಾಫ್ಟ್‌ವೇರ್ ಓಡೋ ಕಂಟ್ರೋಲ್ ಬೋರ್ಡ್ ಇರುತ್ತೆ. ಅದಕ್ಕೆ ಜಿ 41, ಬಲಕ್ಕೆ ಸರಿಸೋ ಜಿ 42 ಎರಡೂ ಗೊತ್ತಿಲ್ಲ, ಎರರ್ 20 ತೋರಿಸಿ ನಿಲ್ಲುತ್ತೆ. ಅಣ್ಣಾ, ನೀವು ಡ್ರಾಯಿಂಗ್‌ನಲ್ಲೇ ಕೊಡಿ. ತೇಗಕ್ಕೆ ಹೋಗೋ ಮುಂಚೆ ಅದೇ ಕಟ್ಟರ್‌ನಲ್ಲಿ ರದ್ದಿ ಮರದ ಮೇಲೆ ಒಂದು ನೇರ ತೋಡು ಹೊಡೆದು ವರ್ನಿಯರ್‌ನಲ್ಲಿ (ಸೂಕ್ಷ್ಮ ಅಳತೆ ಸಾಧನ) ಅಗಲ ನೋಡಿ. ಕೊಲೆಟ್‌ನಲ್ಲಿ (ಕಟ್ಟರ್ ಹಿಡಿಯೋ ಭಾಗ) ಕಟ್ಟರ್ ಚೂರು ತೊನೆದರೂ ತೋಡು ಅಗಲ ಆಗುತ್ತೆ. ಲೆಕ್ಕಕ್ಕೆ ಆ ಅಗಲ ಹಿಡೀರಿ, ಡಬ್ಬಿ ಮೇಲಿನ 6 ಅಲ್ಲ.

ದಾವಣಗೆರೆ ತೇಗ:
ನಂದೂ ಜಿಆರ್‌ಬಿಎಲ್ಲೇ. ತೋಡು ಹೊಡೆದೆ, 6.2 ಬಂತು! ಬಿಲ್ಲೆಗೆ ಕೂದಲೆಳೆಯಷ್ಟು ಜಾಗ ಇರಲಿ ಅಂತ ಗುಂಡಿ 40.1ಕ್ಕೆ ಲೆಕ್ಕ ಹಾಕಿ, ವೃತ್ತ 33.9 ಕೊಟ್ಟೆ. ಹಲಗೆ ಸುತ್ತ 3.1, ಪಾಲಿಲೈನ್ ಜಾಯಿನ್ ಮಾಡಿ. ಮೊದಲು ಬೇವಿನ ಹಲಗೆ ಮೇಲೆ ಓಡಿಸಿದೆ. ಮೂಲೇಲಿ ಗೆರೆಗಳು ಪೂರ್ತಿ ಕೂಡಿದ್ದವು. ಬಿಲ್ಲೆನ ಹೆಬ್ಬೆರಳಲ್ಲಿ ಒತ್ತಿದೆ, ಕೂತ್ಕೊಂಡ್ತು. ಎಷ್ಟು ಸರಿಯಾಗಿ ಕೂತಿದೆ ಅಂದರೆ ಹಲಗೆ ಬೋರಲು ಹಾಕಿ ತಟ್ಟಿದರೂ ಈಚೆ ಬರಲಿಲ್ಲ. ಹಿಂದಿನಿಂದ 3 ಎಂಎಂ ತೂತು ಕೊರೆದು ಮೊಳೆಯಿಂದ ತಳ್ಳಿ ತೆಗೆದೆ. ನಾಳೆ ಬೆಳಿಗ್ಗೆ ತೇಗಕ್ಕೆ ಹಾಕ್ತೀನಿ. ನಿಮ್ಮ ಉಪಕಾರ ದೊಡ್ಡದು ಅಣ್ಣಾ.