ಏರ್ ರೈಫಲ್ ಪೆಲೆಟ್‌ನ ವೇಗ, ಓರೆ ಅಳೆದವರು ಅನುಭವ ಹೇಳಿ

ಕಾರವಾರದಿಂದ ಪ್ರಶ್ನೆ: 10 ಮೀಟರ್ ಏರ್ ರೈಫಲ್, 4.5 ಮಿ.ಮೀ. ಪೆಲೆಟ್ (ಸೀಸದ ಪುಟ್ಟ ಗುಂಡು). ಮಳೆಗಾಲ ಹಿಡಿದಾಗಿಂದ ಏಟು ಚದುರ್ತಿದೆ. ವೇಗದ ಏರುಪೇರೋ, ಪೆಲೆಟ್ ಮೂತಿ ವಾಲಿ ಓರೆಯಾಗಿ ಹೋಗ್ತಿದೆಯೋ ತಿಳೀತಿಲ್ಲ.

ಶಿರಸಿ: ಕ್ರೋನೋಗ್ರಾಫ್ (ಎರಡು ಬೆಳಕಿನ ಸೆನ್ಸರ್ ನಡುವೆ ಪೆಲೆಟ್ ಹಾಯೋ ಹೊತ್ತಿಂದ ವೇಗ ಹೇಳೋ ಯಂತ್ರ) ತಗೊಳ್ಳಿ, ಬೇರೆ ಮಾತೇ ಬೇಡ. ಕೋಣೆಯ ಟ್ಯೂಬ್‌ಲೈಟ್ ಮಾತ್ರ ಆರಿಸಿ. 50 ಹರ್ಟ್ಸ್ ಕರೆಂಟಲ್ಲಿ ಅದು ಸೆಕೆಂಡಿಗೆ 100 ಸಲ ಮಿನುಗುತ್ತೆ, ಸೆನ್ಸರ್ ಅದನ್ನೇ ಪೆಲೆಟ್ ಅಂತ ಎಣಿಸಿಬಿಡುತ್ತೆ. ಇದೊಂದು ಪತ್ತೆಯಾಗೋಕೆ ನಮ್ಮಲ್ಲಿ 500 ಪೆಲೆಟ್‌ನ ಎರಡು ಡಬ್ಬಿ ಖಾಲಿ! 12 ವೋಲ್ಟ್ ಬ್ಯಾಟರಿಗೆ ಎಲ್‌ಇಡಿ ಪಟ್ಟಿ ಕೊಟ್ಟು, ಬಟರ್ ಪೇಪರ್ ಮುಚ್ಚಿದ್ಮೇಲೆ ಸರಿಯಾಯ್ತು. ಎರಡು ಸೆನ್ಸರ್ ನಡುವೆ 300 ಮಿ.ಮೀ. ಅಂದ್ರೆ 300 ಇರ್ಲೇಬೇಕು. ಒಂದು ವಾಲಿ 302 ಆದ್ರೆ, ಸೆಕೆಂಡಿಗೆ 175 ಮೀಟರ್ ವೇಗ 173.8 ಅಂತ ಬರುತ್ತೆ.

ಅಂಕೋಲಾ: ವೇಗ ಅಳೆದ್ರೆ ಓರೆ ಕಾಣುತ್ತಾ ಮಾರಾಯ್ರೆ? ದಾರಿಗೆ ಅಡ್ಡ ತೆಳು ರಟ್ಟು ಕಟ್ಟಿ. ನೇರ ಬಂದ್ರೆ ದುಂಡು ತೂತು, ಓರೆ ಬಂದ್ರೆ ಮೊಟ್ಟೆಯಾಕಾರ. 5.5 ಮಿ.ಮೀ. ಉದ್ದದ ಪೆಲೆಟ್ 10 ಡಿಗ್ರಿ ವಾಲಿದ್ರೆ ತೂತು ಸುಮಾರು 5.4 ಮಿ.ಮೀ. ಉದ್ದ. 2, 4, 6 ಮೀಟರಲ್ಲಿ ಬೇರೆ ಬೇರೆ ಹೊಡೆತಕ್ಕೆ ಒಂದೊಂದೇ ರಟ್ಟು ಇಡಿ. ಒಟ್ಟಿಗೆ ಸಾಲಾಗಿ ಇಟ್ರೆ ಮೊದಲನೇ ರಟ್ಟೇ ಪೆಲೆಟ್ಟನ್ನ ಅಲುಗಿಸುತ್ತೆ.

ಶಿರಸಿ: ಕರಾವಳಿ ಥಂಡಿಗೆ ರಟ್ಟು ಮೆತ್ತಗಾಗಿ ತೂತಿನ ಅಂಚೆಲ್ಲ ನಾರು. ಅದ್ರಲ್ಲಿ ಅರ್ಧ ಮಿಲಿಮೀಟರ್ ಅಳೀತೀರಾ?

ಅಂಕೋಲಾ: ನಾರು ಅಳೆಯೋರು ಯಾರು? ತೂತಿನ ಸುತ್ತ ಸೀಸ ಒರೆಸಿದ ಬೂದು ಉಂಗುರ ಇರುತ್ತಲ್ಲ, ಕ್ಯಾಲಿಪರ್ ಅದಕ್ಕೆ ಹಿಡೀಬೇಕು. ರಟ್ಟನ್ನ ಸಿಲಿಕಾ ಜೆಲ್ ಹಾಕಿದ ಡಬ್ಬಿಯಿಂದ ಹೊಡೆಯೋ ಹೊತ್ತಿಗೆ ತೆಗೀಬೇಕು. ಮಾಡಿ ನೋಡದೇ ಹೇಳ್ಬೇಡಿ.

ಕುಮಟಾ: ಇಬ್ಬರೂ ಸುಮ್ನೆ ಖರ್ಚು ಮಾಡಿಸ್ತಿದ್ದೀರಿ. 1742ರಲ್ಲೇ ಇಂಗ್ಲೆಂಡಿನ ಗಣಿತಜ್ಞ ಬೆಂಜಮಿನ್ ರಾಬಿನ್ಸ್ ಲೋಲಕದಿಂದ ಗುಂಡಿನ ವೇಗ ಅಳೆದು ತೋರಿಸಿದ್ದ. 500 ಗ್ರಾಂ ಹಲಸಿನ ಮರದ ತುಂಡನ್ನ 1 ಮೀಟರ್ ದಾರಕ್ಕೆ ತೂಗುಬಿಡಿ, ಪೆಲೆಟ್ ಬಡಿದಾಗ ಅದು ಎಷ್ಟು ಸರಿಯಿತು ಅನ್ನೋದ್ರಿಂದ ವೇಗ ಸಿಗುತ್ತೆ. 0.53 ಗ್ರಾಂ ಪೆಲೆಟ್ 175 ಮೀಟರ್ ವೇಗದಲ್ಲಿ ನಾಟಿದ್ರೆ 5.9 ಸೆಂ.ಮೀ. ಸರಿಯುತ್ತೆ.

ಶಿರಸಿ: ಹಲಸು ಗಟ್ಟಿ. ಪೆಲೆಟ್ ನಾಟದೆ ಹಿಂದಕ್ಕೆ ಪುಟಿದ್ರೆ ತುಂಡಿಗೆ ಹೆಚ್ಚು ತಳ್ಳು ಬಿದ್ದು ವೇಗ ಜಾಸ್ತಿ ಕಾಣುತ್ತೆ. ಕಣ್ಣಿಗೂ ಅಪಾಯ. ಜೇಡಿಮಣ್ಣು ಹಾಕಿ.

ಕುಮಟಾ: ಜೇಡಿ ಒಣಗಿದ ಹಾಗೆ ತೂಕ ಇಳಿಯೋದಿಲ್ವಾ?

ಅಂಕೋಲಾ: ನಿಮ್ಮ ಮರ ನೀರು ಕುಡಿದು 10 ಗ್ರಾಂ ಏರಿದ್ರೂ ಲೆಕ್ಕ ಶೇ. 2 ತಪ್ಪುತ್ತೆ. ಯಾವುದೇ ಆದ್ರೂ ಪ್ರತಿ ಹೊಡೆತದ ಮೊದಲು ತೂಗಿ. ಕಾರವಾರದವರೇ, ನಿಮ್ಮದು ಓರೆಯದೇ ತೊಂದರೆ ಇರಬಹುದು: ಪೆಲೆಟ್‌ನ ಬಾಲದಂಚು ಡಬ್ಬಿಯಲ್ಲಿ ಬಡಿದು ಸೊಟ್ಟಗಾಗಿದೆಯಾ ಮೊದಲು ನೋಡಿ.