ಬೆಂಡು ಕುಣಿಯುತ್ತೆ, ಎತ್ತಿದರೆ ಕೊಕ್ಕೆ ಬರಿದು: ಕೆರೆಯಲ್ಲಿ ಗೆಂಡೆಗೆ ಗಾಳ ಹಾಕುವುದು ಹೇಗೆ?

ಏರಿಮೇಲೆ:
ನಿಂತ ನೀರಿನ ಕೆರೆ. ನಾನು ಹಾಕುವ ಜಾಗದಲ್ಲಿ ಆಳ ಸುಮಾರು 6 ಅಡಿ. 12 ಅಡಿ ಕೋಲು, ರೀಲ್ ಇಲ್ಲ. 0.30 ಮಿ.ಮೀ. ನೈಲಾನ್ ದಾರ, 6ನೇ ನಂಬರ್ ಕೊಕ್ಕೆ, ನಿಂಬೆಹಣ್ಣಿನ ಗಾತ್ರದ ಥರ್ಮಾಕೋಲ್ ಬೆಂಡು (ಮೀನು ಕಚ್ಚಿದ್ದು ತಿಳಿಯಲು ನೀರ ಮೇಲೆ ತೇಲಿಬಿಡುವ ತುಂಡು), ಬೆಂಡಿನಿಂದ ಕೊಕ್ಕೆಗೆ 3 ಅಡಿ. ಎರೆಹುಳು ಹಾಕಿದ ಕೂಡಲೇ ಬೆಂಡು ಕುಣಿಯುತ್ತೆ, ಎತ್ತಿದರೆ ಹುಳು ಮಾಯ. ಕೆರೆಗೆ ಸಾಮಾನ್ಯ ಗೆಂಡೆ, ರೋಹು, ಕಾಟ್ಲಾ ಬಿಟ್ಟಿದ್ದಾರೆ, ಜಿಲೇಬಿ ಮೀನು (ತಿಲಾಪಿಯಾ) ತಾನಾಗೇ ತುಂಬಿಕೊಂಡಿದೆ. ನನಗೆ ಬೇಕಾದ್ದು ಗೆಂಡೆ. ಮಧ್ಯಾಹ್ನ ಗಾಳಿ ಎದ್ದರಂತೂ ಬೆಂಡು ನಿಂತಲ್ಲಿ ನಿಲ್ಲಲ್ಲ. ಕೆರೆ ಗುತ್ತಿಗೆ ಹಿಡಿದವರ ಒಪ್ಪಿಗೆ ಇದೆ.

ಜೋಳದದಂಟು:
ಮೊದಲು ಆ ಬೆಂಡು ತೆಗೆದುಹಾಕಿ. ಅಷ್ಟು ದಪ್ಪದ ಬೆಂಡನ್ನು ಮುಳುಗಿಸಲು ಮೀನು ಜೋರಾಗಿ ಎಳೆಯಬೇಕು. ಗೆಂಡೆ ತುತ್ತನ್ನು ಹೀರಿ, ಬಿಗಿ ಗೊತ್ತಾದ ತಕ್ಷಣ ಉಗಿಯುತ್ತೆ. ಒಣಗಿದ ಜೋಳದ ದಂಟಿನ ಸಿಪ್ಪೆ ಸುಲಿದು ಒಳಗಿನ ಬೆಂಡನ್ನು ಮೂರು ಇಂಚು ಕತ್ತರಿಸಿ. ಪೆನ್ಸಿಲ್ ದಪ್ಪ ಸಾಕು. ಕರಗಿಸಿದ ಮೇಣದಲ್ಲಿ ಅದ್ದಿ ತೆಗೆಯಿರಿ, ಇಲ್ಲದಿದ್ದರೆ ನೀರು ಕುಡಿದು ಸ್ವಲ್ಪ ಹೊತ್ತಿಗೇ ಭಾರವಾಗುತ್ತೆ. ಬಕೆಟ್ ನೀರಲ್ಲಿ ಬಿಟ್ಟು, ತುದಿ ಅರ್ಧ ಇಂಚು ಮಾತ್ರ ಮೇಲೆ ಕಾಣುವವರೆಗೆ ದಾರಕ್ಕೆ ಸೀಸದ ಗುಂಡು ಸೇರಿಸುತ್ತಾ ಹೋಗಿ. ಗುಂಡನ್ನು ಇಕ್ಕಳದಿಂದ ಒತ್ತಿ, ಹಲ್ಲಿನಿಂದ ಬೇಡ, ಸೀಸ ವಿಷ.

ಇನ್ನು ಆಳ. 6 ಅಡಿ ನೀರಲ್ಲಿ 3 ಅಡಿಗೆ ಕೊಕ್ಕೆ ತೂಗಿದರೆ ಅದು ಮರಿ ಜಿಲೇಬಿಗಳಿಗೆ ಬಡಿಸಿದ ಹಾಗೆ. ಗೆಂಡೆ ತಳದ ಕೆಸರು ಕೆದಕಿ ತಿನ್ನುವ ಮೀನು. ಕೊಕ್ಕೆಗೆ 10 ಗ್ರಾಂ ಸೀಸ ಸಿಕ್ಕಿಸಿ ನೇರ ಕೆಳಗೆ ಬಿಡಿ. ಬೆಂಡು ಪೂರ್ತಿ ಮುಳುಗಿದರೆ ಅದನ್ನು ದಾರದಲ್ಲಿ ಮೇಲಕ್ಕೆ ಸರಿಸಿ, ಅಡ್ಡ ಮಲಗಿದರೆ ಕೆಳಕ್ಕೆ. ತುದಿ ಮಾತ್ರ ಕಂಡಾಗ ಸಿಕ್ಕಿದ್ದೇ ಆಳ. ಅಕ್ಕಪಕ್ಕ ನಾಲ್ಕೈದು ಕಡೆ ಅಳೆಯಿರಿ. ಸೀಸ ಎತ್ತುವಾಗ ಹೀರಿಕೊಂಡಂತೆ ತಡೆದರೆ ಅಲ್ಲಿ ಹೂಳು, ತುತ್ತು ಹೂತುಹೋಗುತ್ತೆ. ಗಟ್ಟಿ ನೆಲ ಹುಡುಕಿ.

ಅಳತೆಯ ಸೀಸ ತೆಗೆದು, ಬೆಂಡನ್ನು ಇನ್ನೂ ಮೂರು ಇಂಚು ಮೇಲಕ್ಕೆ ಸರಿಸಿ. ಹೆಚ್ಚಿನ ಗುಂಡುಗಳು ಕೊಕ್ಕೆಯಿಂದ ಒಂದೂವರೆ ಅಡಿ ಮೇಲೆ ಒಟ್ಟಿಗಿರಲಿ, ಒಂದು ಮಾತ್ರ ಕೊಕ್ಕೆಯಿಂದ ಮೂರು ಇಂಚಿಗೆ, ತಳದಲ್ಲಿ ಕೂರುವಂತೆ. ಗೆಂಡೆ ತುತ್ತೆತ್ತಿದಾಗ ಆ ಗುಂಡೂ ಮೇಲೇಳುತ್ತೆ, ಬೆಂಡು ಮುಳುಗುವ ಬದಲು ಮೇಲೇರುತ್ತೆ. ಬಹಳ ಜನ ಇದನ್ನು ಕಚ್ಚಿದ್ದೆಂದೇ ಎಣಿಸಲ್ಲ. ಆಗಲೇ ಮಣಿಕಟ್ಟಿನಿಂದ ಚುರುಕಾಗಿ ಎಳೆಯಬೇಕು. ಪಟಪಟ ಕುಣಿತ ಜಿಲೇಬಿಯದು, ಅದಕ್ಕೆ ಎಳೆಯಲು ಹೋಗಬೇಡಿ.

ರೀಲ್ ಇಲ್ಲದ್ದರಿಂದ ಮುಖ್ಯ ದಾರ 0.30 ಇರಲಿ. ಕೊನೆಯ ಒಂದಡಿ ಮಾತ್ರ 0.22 ಕಟ್ಟಿ. ದೊಡ್ಡ ಮೀನು ಕಿತ್ತುಕೊಂಡರೂ ಬೆಂಡು, ಸೀಸ ಎಳೆದುಕೊಂಡು ತಿರುಗುವುದಿಲ್ಲ.

ಹಿಂಡಿತೌಡು:
ಎರೆಹುಳು ಬಿಡಿ ಸರ್, ಈ ಕೆರೆಗೆ ಅದು ಸರಿಯಲ್ಲ. ಬೇಯಿಸಿದ ಮುಸುಕಿನ ಜೋಳದ ಕಾಳು ಒಂದೋ ಎರಡೋ, 10ನೇ ನಂಬರ್ ಕೊಕ್ಕೆಗೆ (6ಕ್ಕಿಂತ ಚಿಕ್ಕದು), ಮೊನೆ ಹೊರಗಿರುವಂತೆ. ಮರಿ ಜಿಲೇಬಿ ಬಾಯಿಗೆ ಸಲೀಸಾಗಿ ಸಿಗಲ್ಲ. ಹಿಟ್ಟೇ ಬೇಕೆಂದರೆ ಗಟ್ಟಿ ಮೈದಾ ಹಿಟ್ಟಿಗೆ ಚೂರು ಹತ್ತಿ ಸೇರಿಸಿ ನಾದಿ, ನೀರಲ್ಲಿ ಬೇಗ ಉದುರಲ್ಲ.

ಮೀನು ಕೂಡಿಸಲು 2 ಪಾಲು ಕಡಲೆಕಾಯಿ ಹಿಂಡಿ ಪುಡಿ, 1 ಪಾಲು ಅಕ್ಕಿ ತೌಡು, ಒಂದು ಹಿಡಿ ಅದೇ ಬೆಂದ ಜೋಳ. ನೀರು ಚಿಮುಕಿಸಿ ಉಂಡೆ ಕಟ್ಟಿ. ತಳ ಮುಟ್ಟಿದ ಮೇಲೆ ಒಡೆಯಬೇಕು. ನಡುನೀರಲ್ಲೇ ಒಡೆದರೆ ನೀರು ಕಮ್ಮಿಯಾಗಿದೆ, ಜಿಲೇಬಿ ಹಿಂಡೇ ಬರುತ್ತೆ. ಶುರುವಿಗೆ ನಿಂಬೆ ಗಾತ್ರದ್ದು ನಾಲ್ಕು, ಆಮೇಲೆ ಅರ್ಧ ಗಂಟೆಗೊಂದು, ಎಲ್ಲವೂ ಬೆಂಡಿನ ಬುಡಕ್ಕೇ. ಮೊದಲೇ ಕಿಲೋಗಟ್ಟಲೆ ಸುರಿದರೆ ಮೀನು ಅದರಲ್ಲೇ ಹೊಟ್ಟೆ ತುಂಬಿಸಿಕೊಳ್ಳುತ್ತೆ.

ಪಾಚಿಗಟ್ಟಿ ಹಸಿರಾದ ಕೆರೆಯಲ್ಲಿ ನಸುಕಿಗೆ ಆಮ್ಲಜನಕ ತೀರಾ ಕಡಿಮೆ. ಮೀನು ಮೇಲೆ ಬಂದು ಬಾಯಿ ಬಡಿಯುತ್ತಿದ್ದರೆ ಅದು ಹಸಿವಲ್ಲ, ಉಸಿರಾಟದ ಕಷ್ಟ. ಬಿಸಿಲೇರುವವರೆಗೆ ಗಾಳ ಹಾಕಬೇಡಿ.

ತೂಬಿನಹತ್ತಿರ:
ಗಾಳಿಯ ಮಾತು ಉಳಿಯಿತು. ಬೆಂಡಿಗಿಂತ ಹೆಚ್ಚಾಗಿ ಗಾಳಿ ದೂಡುವುದು ನೀರಿನ ಮೇಲೆ ತೇಲುವ ದಾರವನ್ನು. ಬೆಂಡನ್ನು ಮೇಲೂ ಕೆಳಗೂ ಕಟ್ಟದೆ ಕೆಳತುದಿಯಲ್ಲಿ ಮಾತ್ರ ಕಟ್ಟಿ, ಆಚೆ ಈಚೆ ಒಂದೊಂದು ಗುಂಡಿನಿಂದ ಬಿಗಿ ಮಾಡಿ. ಜೋಳದ ಬೆಂಡು ಮೆದು, ಆದ್ದರಿಂದ ಕೆಳತುದಿಗೆ ತಂತಿಯ ಉಂಗುರ ಚುಚ್ಚಿ ಅಂಟಿಸಬೇಕು. ಹಾಕಿದ ಮೇಲೆ ಕೋಲಿನ ತುದಿಯನ್ನು ಒಂದು ಗೇಣು ನೀರೊಳಗೆ ಅದ್ದಿ ಸ್ವಲ್ಪ ಹಿಂದಕ್ಕೆ ಎಳೆದರೆ ದಾರ ಮುಳುಗುತ್ತೆ. ಮುಳುಗದಿದ್ದರೆ ದಾರಕ್ಕೆ ಜಿಡ್ಡು ಹತ್ತಿದೆ, ಪಾತ್ರೆ ತೊಳೆಯುವ ಸೋಪಿನ ನೀರಲ್ಲಿ ಒರೆಸಿ.

ಏರಿಮೇಲೆ:
ರೀಲ್ ತಗೊಂಡರೆ ತೂಬಿನ ಕಡೆ 14 ಅಡಿ ಆಳ ಇದೆ. 8 ಅಡಿ ರಾಡ್‌ನಲ್ಲಿ ಅಷ್ಟು ಕೆಳಕ್ಕೆ ಬೆಂಡು ಕಟ್ಟಿ ಬೀಸುವುದು ಹೇಗೆ?

ತೂಬಿನಹತ್ತಿರ:
ಬೆಂಡು ಕಟ್ಟಬೇಡಿ, ದಾರದ ಮೇಲೆ ಓಡಾಡಲು ಬಿಡಿ. ಕೊಕ್ಕೆಯಿಂದ 14 ಅಡಿಗೆ ಬೇರೆ ದಾರದ ತುಂಡಿನಿಂದ ಬಿಗಿಯಾದ ಗಂಟು ಹಾಕಿ, ಅದರ ಎರಡು ತುದಿಯನ್ನೂ ಅರ್ಧ ಇಂಚು ಬಿಡಿ, ರಾಡ್ ಉಂಗುರಗಳಲ್ಲಿ ಸಿಕ್ಕಿಕೊಳ್ಳದೆ ಬಾಗಿ ಹೋಗುತ್ತೆ. ಗಂಟಿನ ಕೆಳಗೆ ಸಣ್ಣ ತೂತಿನ ಮಣಿ, ಅದರ ಕೆಳಗೆ ಬೆಂಡು. ಸೀಸ ಒಟ್ಟಾಗಿ ಕೊಕ್ಕೆಯಿಂದ 3 ಅಡಿ ಮೇಲೆ ಇದ್ದರೆ ಬೀಸುವಾಗ ಬೆಂಡು ಅದರ ಮೇಲೆ ಕೂರುತ್ತೆ. ನೀರಿಗೆ ಬಿದ್ದ ಮೇಲೆ, ಗಂಟು ಬಂದು ಮಣಿಗೆ ತಾಗಿ ನಿಲ್ಲುವವರೆಗೆ, ರೀಲಿನಿಂದ ದಾರ ಸಡಿಲವಾಗಿ ಹೋಗಲಿ. ಆಗ ತಡೆದರೆ ಸೀಸ ನೇರ ಇಳಿಯದೆ ನಿಮ್ಮ ಕಡೆಗೇ ಜಾರುತ್ತೆ, ಆಳ ತಪ್ಪುತ್ತೆ. ಇದಕ್ಕೆ 4 ಗ್ರಾಂಗಿಂತ ಹೆಚ್ಚು ಸೀಸ ಹೊರುವ ಬೆಂಡು ಬೇಕು, ಜೋಳದ ದಂಟಿನದು ಸಾಲಲ್ಲ. ಹಳೇ ಹವಾಯಿ ಚಪ್ಪಲಿ ಕತ್ತರಿಸಿ ಮಾಡಿದ್ದು ಆಗುತ್ತೆ. ತೂಬು ತೆರೆದು ನೀರು ಬಿಡುವ ದಿನ ಮಾತ್ರ ಅಲ್ಲಿ ಹಾಕಬೇಡಿ, ಸೆಳೆತಕ್ಕೆ ಬೆಂಡು ನಿಲ್ಲಲ್ಲ, ಪಾಚಿ ಹಿಡಿದ ಏರಿ ಕಲ್ಲಿನ ಮೇಲೆ ನಿಂತವರಿಗೂ ಅಪಾಯ.