ಸಹಾಯ ಬೇಕು: ಚೆಸ್‌ನಾಗ ಇಂಗ್ಲಿಷ್ ಓಪನಿಂಗ್ (ಬಿಳಿ ಸಿ4ರಿಂದ ಶುರು ಮಾಡೋ ಆಟ) ಚಲೋ ಗೊತ್ತಿರೋರು ಹುಬ್ಬಳ್ಳಿ-ಧಾರವಾಡದಾಗ ಯಾರರ ಅದಾರೇನ್ರಿ?

ನಮಸ್ಕಾರ್ರಿ. ಗದಗಿನ ಟೂರ್ನಮೆಂಟಿನಾಗ ನನ್ನ ಮಗಳು ಬಿಳಿ ಕಾಯಿ ಹಿಡದು ಆಡಿದ ಒಂದು ಗೇಮ್ ಬಗ್ಗೆ ಕೇಳೋದೈತಿ. ಮೊದಲ ನಡೆ ಸಿ4 (ಅಕ್ಷರ-ಅಂಕಿ ಅಂದ್ರ ಬೋರ್ಡಿನ ಮನಿ, ಕಾಯಿ ಹೆಸರಿಲ್ಲಂದ್ರ ಪಾನ್ ನಡೆ), ಎದುರಾಳಿ ಇ5. ಆಮೇಲೆ ಕುದುರೆ ಸಿ3, ಜಿ3. ಕಪ್ಪಿನವರು ಡಿ5 ತಳ್ಳಿದರು, ಪಾನ್ ಹೊಡೆದಾಟ ಆತು, ಅವರ ಕುದುರೆ ಬಿ6ಕ್ಕ ಹೋತು. ಅಂದ್ರ ಉಲ್ಟಾ ಸಿಸಿಲಿಯನ್ (ಕಪ್ಪಿನವರು ಆಡೋ ಸಿಸಿಲಿಯನ್ ಡಿಫೆನ್ಸನ್ನ ಬಿಳಿ ಆಡೋದು), ಬಿಳಿಗೆ ಒಂದು ನಡೆ ಹೆಚ್ಚಿಗೆ.

ಇಲ್ಲಿತನಕ ತಕರಾರಿಲ್ಲ. ಎರಡೂ ಕಡೆ ಕ್ಯಾಸಲಿಂಗ್ ಆದಮೇಲೆ ಈಕಿ ಎ3 ಆಡಿದಳು, ಬಿ4 ತಳ್ಳೋ ವಿಚಾರ. ಅವರು ತಕ್ಷಣ ಎ5. ಈಕಿ ಬಿಷಪ್ ಇ3, ಅವರದೂ ಬಿಷಪ್ ಇ6. ಈಕಿ ಆನೆ ಸಿ1ಕ್ಕ ತಂದಳು, ಅವರು ಎ4! ಈಕಿ ಕುದುರೆ ಎ4 ಮ್ಯಾಲಿಂದ ಸಿ5ಕ್ಕ ಹೋಗೋ ದಾರೀನ ಬಂದ್. ಆ ಪಾನ್ ಹೊಡಿಯಾಕೂ ಬರಂಗಿಲ್ಲ, ಬಿ6 ಕುದುರೆ, ಎ8 ಆನೆ ಎರಡೂ ಕಾಯ್ತಾವ. ಗಡಿಯಾರ ನೋಡ್ಕೋತ ಕುಂತ್ಲು, ಕಡೀಕ ಟೈಮಿನ ಮ್ಯಾಲೇ ಸೋತಳು.

ಹತ್ತನೇ ನಡೆಯ ಬಿಷಪ್ ಇ3 ಆದಮೇಲೆ, ಆನೆಕಿಂತ ಮೊದಲ ಕುದುರೆ ಎ4 ಆಡಬೇಕಿತ್ತೇನು? ಇಲ್ಲಾ, ಎ4 ಬಿದ್ದಮ್ಯಾಲೂ ಕುದುರೆ ಇ4ಕ್ಕ ತಂದು ಸಿ5 ಹಿಡಿಬಹುದಾ? ಆಗ ಅವರು ಎಫ್5 ತಳ್ಳಿದ್ರ ಏನು ಮಾಡೋದು? ಚೆಸ್ ಇಂಜಿನ್ (ಕಂಪ್ಯೂಟರ್ ಪ್ರೋಗ್ರಾಮ್) ಬರೀ ಅಂಕಿ ತೋರಸ್ತೈತಿ, ಕಾರಣ ಹೇಳಂಗಿಲ್ಲ.

ಕ್ವೀನ್ ಮುಂದಿನ ಪಾನ್ ಆಡ್ಸ್ರಿ ಅಂತ ದಯವಿಟ್ಟು ಹೇಳಬ್ಯಾಡ್ರಿ. 1987ರಾಗ ಸ್ಪೇನಿನ ಸೆವಿಲ್ಲಾದಾಗ ವಿಶ್ವ ಚಾಂಪಿಯನ್ ಕಾಸ್ಪರೋವ್ 24ನೇ ಗೇಮನ್ನ ಸಿ4ರಿಂದನ ಗೆದ್ದು ಪಟ್ಟ ಉಳಿಸ್ಕೊಂಡ ಅಂತ ತಿಳಿದಮ್ಯಾಲೆ ಈಕಿ ಕೇಳಾಂಗಿಲ್ಲ!

ವಿದ್ಯಾನಗರದ ಆಜುಬಾಜು ಭಾನುವಾರ ಬೋರ್ಡ್ ಮುಂದ ಕುಂತು ತೋರಿಸೋರಿದ್ರ ಮೆಸೇಜ್ ಹಾಕ್ರಿ. ಫೀ ಕೊಡ್ತೀವಿ.